ಗೀಟಕ್ಕನೂ ‘ಇತರೆ’ ಎಂಬ ಚೌಕವೂ

ಅಪ್ಪ ಅಮ್ಮ ಇಟ್ಟ ಹೆಸರು ಅವಳ ಗುರುತಿನ ಚೀಟಿಯಲ್ಲಿದೆ. ಬೇಕಾದವರು ಅಲ್ಲಿ ನೋಡಿಕೊಳ್ಳಬಹುದು. ಕೆಲಸದ ಜಗತ್ತಿನಲ್ಲಿ ಅವಳು ಗೀಟಕ್ಕ.

ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಂಗಸರಿಗೆ ಏಜೆನ್ಸಿ ದಿನಕ್ಕೊಂದು ಹಾಳೆ ಕೊಡುತ್ತದೆ. ಹಾಳೆಯಲ್ಲಿ ಐದು ಚೌಕ: ಸ್ನಾನ, ಊಟ, ಔಷಧಿ, ಒಡನಾಟ, ಇತರೆ. ಮೊದಲ ನಾಲ್ಕಕ್ಕೆ ಸರಿ ಗುರುತು ಹಾಕಿದರೆ ಸಾಕು. ಐದನೆಯದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಬೇರೆ ಯಾವುದಾದರೂ ಕೆಲಸ ಮಾಡಿದ್ದಲ್ಲಿ ವಿವರ ಬರೆಯುವುದು’ ಎಂದಿರುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಜಾಗ. ಆ ಜಾಗದಲ್ಲಿ ಅವಳು ಹನ್ನೊಂದು ವರ್ಷ, ಒಂದು ದಿನವೂ ತಪ್ಪದೆ, ಥರ್ಮಾಮೀಟರಿನ ಡಬ್ಬಿಯ ಅಂಚನ್ನೇ ಸ್ಕೇಲು ಮಾಡಿಕೊಂಡು ಒಂದು ಗೀಟು ಎಳೆದಳು. ಮೂಲೆಯಿಂದ ಮೂಲೆಗೆ, ಕೂದಲೆಳೆಯಷ್ಟು ಸಪೂರ, ದಾರ ಹಿಡಿದು ಎಳೆದಂತೆ ನೇರ. ಇತರೆ ಕೆಲಸ ಇಲ್ಲ ಎಂದು ಅದರ ಅರ್ಥ.

ಇತರೆ ಕೆಲಸ ಇರಲಿಲ್ಲವೇ? ಬೇಕಾದಷ್ಟಿತ್ತು. ಆದರೆ ಅದೆಲ್ಲ ಬರೆಯುವಂಥದ್ದಲ್ಲ ಎಂದು ಅವಳು ನಂಬಿದ್ದಳು. ಯಾರ ದವಡೆ ಹಲ್ಲು ಎಲ್ಲಿ ಬಿದ್ದಿತ್ತು, ಯಾರು ಯಾವ ಸೊಸೆಯನ್ನು ನಿದ್ದೆಯಲ್ಲಿ ಬೈದರು, ಯಾರ ಹಾಸಿಗೆ ಬೆಳಗ್ಗೆ ಹೇಗಿತ್ತು, ಇವೆಲ್ಲ ಆ ಮನೆಯ ಬಾಗಿಲಾಚೆ ಬರಬಾರದು. ಹೊಸದಾಗಿ ಸೇರಿದ ಹುಡುಗಿಯರಿಗೂ ಅವಳು ಮೊದಲ ದಿನವೇ ಹೇಳುತ್ತಿದ್ದಳು: "ಮನುಷ್ಯ ಹಾಸಿಗೆ ಹಿಡಿದ ಅಂತ ಅವನ ಮಾನಾನೂ ಹಾಸಿಗೆ ಹಿಡೀಬೇಕಾ? ಗೀಟು ಎಳೀರಿ, ಬಾಯಿ ಮುಚ್ಕೊಂಡು ಮನೆಗೆ ಹೋಗಿ."

ಏಜೆನ್ಸಿಗೆ ಆ ಗೀಟು ಬಹಳ ಹಿಡಿಸಿತು. ಅವಳದೊಂದು ಹಾಳೆಗೆ ಗಾಜಿನ ಕಟ್ಟು ಹಾಕಿಸಿ ತರಬೇತಿ ಕೋಣೆಯ ಗೋಡೆಗೆ ತೂಗುಹಾಕಿ, ‘ಹಾಳೆ ತುಂಬುವ ಮಾದರಿ’ ಎಂದು ಬರೆಸಿದರು. ಅವಳು ಅದನ್ನು ನೋಡಿ ಮನೆಗೆ ಬಂದು ಗಂಡನಿಗೆ ಹೇಳಿದಳು: "ಸ್ಕೂಲಲ್ಲಿ ಅಷ್ಟೆಲ್ಲ ಬರೆದೆ, ಒಂದು ಹಾಳೇನೂ ಗೋಡೆ ಹತ್ತಲಿಲ್ಲ. ಈಗ ಏನೂ ಬರೀದೆ ಹತ್ತಿದೀನಿ ನೋಡಿ."

ಗಂಡ ಲಿಫ್ಟ್ ಮೆಕ್ಯಾನಿಕ್. ಮಿತಭಾಷಿ. ಆಡಿದ ಮಾತೂ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ನಿಧಾನಕ್ಕೆ ಇಳಿಯುತ್ತಿತ್ತು. "ಖಾಲಿ ಇರೋದಕ್ಕೇ ಕಟ್ಟು ಹಾಕಿದಾರೆ ಅಂದ್ರೆ," ಎಂದು ಅವನು ಅಂದ, "ಖಾಲಿ ಇದ್ರೇನೇ ಅವರಿಗೆ ಲಾಭ ಇರಬೇಕು." ಅವಳು ಅದನ್ನು ಹೊಟ್ಟೆಕಿಚ್ಚು ಎಂದು ತಿಳಿದಳು.

ಈ ಕೆಲಸಕ್ಕೆ ಅವಳು ಬಂದದ್ದೂ ಒಂದು ಕತೆ. ಅತ್ತೆ ನಾಲ್ಕು ವರ್ಷ ಮಲಗಿದಲ್ಲೇ ಇದ್ದರು. ಎತ್ತಿ ಕೂರಿಸುವುದು, ಒರೆಸುವುದು, ಉಣಿಸುವುದು, ಬೈಸಿಕೊಳ್ಳುವುದು, ನಾಲ್ಕನ್ನೂ ಅವಳು ಅಲ್ಲೇ ಕಲಿತಳು. ಅತ್ತೆ ಹೋದ ಮೇಲೆ ಬಸ್ಸಿನ ಹಿಂದೆ ಏಜೆನ್ಸಿಯ ಜಾಹೀರಾತು ಕಂಡಿತು: ‘ಅನುಭವ ಬೇಕಿಲ್ಲ, ಪ್ರೀತಿ ಸಾಕು.’ ಅರ್ಜಿ ಹಾಕಿದಳು. ಪ್ರೀತಿ ಸಾಕು ಎಂದದ್ದು ಸಂಬಳದ ವಿಷಯದಲ್ಲಿ ಎಂಬುದು ಮೊದಲ ತಿಂಗಳ ಕೊನೆಗೆ ತಿಳಿಯಿತು. ಸ್ವಂತ ಅತ್ತೆಯನ್ನು ನೋಡಿಕೊಂಡರೆ ಕರ್ತವ್ಯ, ಪರರ ಅತ್ತೆಯನ್ನು ನೋಡಿಕೊಂಡರೆ ‘ಒಡನಾಟ’. ಕೆಲಸ ಎಂದು ಅದನ್ನು ಯಾರೂ ಕರೆದದ್ದಿಲ್ಲ. ಸಂಬಳದ ಚೀಟಿಯ ಮೇಲೂ ಅದೇ ಅಚ್ಚಾಗಿ ಬರುತ್ತಿತ್ತು: ‘ಒಡನಾಟ, ದರ್ಜೆ ಒಂದು.’ ಒಂದು ಮನೆಯಿಂದ ಇನ್ನೊಂದು ಮನೆಗೆ ಬಸ್ಸಿನಲ್ಲಿ ಕಳೆಯುವ ಹೊತ್ತು ಯಾವ ದರ್ಜೆಗೂ ಸೇರುತ್ತಿರಲಿಲ್ಲ.

"ನಿಮ್ಮದೂ ಎತ್ತೋ ಕೆಲಸ, ನಂದೂ ಎತ್ತೋ ಕೆಲಸ," ಎಂದು ಅವಳು ಗಂಡನಿಗೆ ಹೇಳುವುದಿತ್ತು. "ನಿಮ್ಮ ಲಿಫ್ಟಿಗೆ ಮೋಟಾರು, ಯೂನಿಯನ್ನು, ವರ್ಷಕ್ಕೊಂದು ಸಲ ಎಣ್ಣೆ. ನನ್ನ ಸೊಂಟಕ್ಕೆ ಏನಿದೆ?"

"ಎಣ್ಣೆ ನಾನು ಹಚ್ತೀನಲ್ಲ," ಅನ್ನುತ್ತಿದ್ದ ಅವನು. ಹಚ್ಚುತ್ತಲೂ ಇದ್ದ.

ಕಳೆದ ಮೂರು ವರ್ಷದಿಂದ ಅವಳ ಬೆಳಗಿನ ಮನೆ ಇನ್ಸ್‌ಪೆಕ್ಟರ್ ಸಾಹೇಬರದು. ಪೊಲೀಸ್ ಇನ್ಸ್‌ಪೆಕ್ಟರ್ ಅಲ್ಲ. ಬಸ್ಸಿನಲ್ಲಿ ಟಿಕೆಟ್ ಚೆಕ್ ಮಾಡುವ ಇನ್ಸ್‌ಪೆಕ್ಟರ್. ಇಪ್ಪತ್ತೊಂಬತ್ತು ವರ್ಷ ಚಲಿಸುವ ಬಸ್ಸಿಗೆ ಹತ್ತಿ ಟಿಕೆಟ್ಟಿಲ್ಲದವರನ್ನು ಇಳಿಸಿದ ಮನುಷ್ಯನನ್ನು ನಿವೃತ್ತಿಯ ಮರುವರ್ಷ ಲಕ್ವ ಹೊಡೆದು ಹಾಸಿಗೆಗೆ ಇಳಿಸಿತು. ಬಲಗೈ ಬಲಗಾಲು ಹೋದವು. ಮಾತು ಅರ್ಧಕ್ಕೆ ನಿಂತಿತು. ಅರ್ಧ ಬಾಯಲ್ಲೇ ಪೂರ್ತಿ ಹಠ ಮಾಡುತ್ತಿದ್ದರು.

ಎರಡನೇ ಮಹಡಿಯ ಮೂರು ಕೋಣೆಯ ಮನೆ. ಜೊತೆಯಲ್ಲಿರುವವಳು ಮಗಳು, ವಿಮಾ ಕಚೇರಿಯ ಕೌಂಟರಿನಲ್ಲಿ ಕೆಲಸ. ಬೆಳಗ್ಗೆ ಏಳೂವರೆಗೆ ಗೀಟಕ್ಕ ಚಪ್ಪಲಿ ಬಿಡುವಾಗ ಮಗಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅಪ್ಪನ ಕೋಣೆಯ ಬಾಗಿಲಲ್ಲೇ ನಿಂತು "ಅಪ್ಪ, ಹೊರಟೆ" ಅನ್ನುವಳು. ಕುತ್ತಿಗೆಯವರೆಗೆ ಹೊದ್ದ ಅಪ್ಪ "ಹೂಂ" ಅನ್ನುವರು. ಬಾಗಿಲು ಮುಚ್ಚಿದ ಸದ್ದಾಗಿ, ಮೆಟ್ಟಿಲ ಮೇಲೆ ಹೆಜ್ಜೆ ಇಳಿದು ಮುಗಿದ ಮೇಲೆ ಅವರು ಕಣ್ಣು ಬೇರೆ ಕಡೆ ತಿರುಗಿಸುವರು. ಆಗ ಗೀಟಕ್ಕ ಹೊದಿಕೆ ತೆಗೆಯುವಳು.

ಹಾಸಿಗೆ ದಿನಾ ಒದ್ದೆಯಾಗಿರುತ್ತಿತ್ತು.

ಮೊದಲು ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುವಳು, ತಣ್ಣನೆ ಕೈ ಮೈಗೆ ತಾಗಬಾರದು. ಸೊಂಟದ ಕೆಳಗಿನ ಅಡ್ಡ ಹಾಸನ್ನು ಹಿಡಿದು ಎಡಕ್ಕೆ ಹೊರಳಿಸಿ, ಒರೆಸಿ, ಒಣಗಿಸಿ, ಪುಡಿ ಹಾಕಿ, ಬಲಕ್ಕೆ ಹೊರಳಿಸಿ ಹೊಸ ಹಾಸು ಎಳೆಯುವಳು. ಒದ್ದೆ ಹಾಸನ್ನು ಒಗೆದು, ಬೀದಿಗೆ ಕಾಣದಂತೆ ಹಿಂದಿನ ಬಾಲ್ಕನಿಯಲ್ಲಿ ಒಣಹಾಕಿ, ಮಧ್ಯಾಹ್ನ ಎರಡಕ್ಕೆ ಹೊರಡುವ ಮೊದಲು ಮಡಚಿ ಕಪಾಟಿನಲ್ಲಿ ಮೊದಲಿದ್ದ ಹಾಗೇ ಇಡುವಳು. ಮಗಳಿಗೆ ಗೊತ್ತಾಗಬಾರದು ಎಂಬುದು ಅವರಿಬ್ಬರ ನಡುವಿನ ಕರಾರು. ಬಾಯಿ ಬಿಟ್ಟು ಒಂದೇ ಸಲ ಮಾತಾಡಿದ್ದರು, ಅದೂ ಮೊದಲ ವಾರ. "ಗೊತ್ತಾದ್ರೆ… ವೃದ್ಧಾಶ್ರಮಕ್ಕೆ… ಹಾಕ್ತಾಳೆ," ಎಂದಿದ್ದರು ಅವರು. "ಗೊತ್ತಾದ್ರೆ ತಾನೇ," ಎಂದಿದ್ದಳು ಅವಳು. ಪುಣ್ಯಕ್ಕೆ ಮಗಳು ಧಾರಾಳಿ. ಕೇಳದಿದ್ದರೂ ವಾರಕ್ಕೊಂದು ದೊಡ್ಡ ಪೊಟ್ಟಣ ಸೋಪಿನ ಪುಡಿ ಬಚ್ಚಲಲ್ಲಿ ತಂದಿಡುತ್ತಿದ್ದಳು.

ಆಮೇಲಿನದ್ದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಮೂರು ವರ್ಷದಲ್ಲಿ ಅವರ ಬೆನ್ನಿನ ಮೇಲೆ ಒಂದೇ ಒಂದು ಹುಣ್ಣು ಎದ್ದಿರಲಿಲ್ಲ. ಬಲಗೈಯ ಬೆರಳಿಗೆ ರಬ್ಬರ್ ಚೆಂಡು ಹಿಡಿಸುವುದು. ನಾಲಿಗೆ ತಿರುಗಲೆಂದು ಅವರು ಓಡಾಡಿದ ಬಸ್ಸುಗಳ ನಿಲ್ದಾಣಗಳನ್ನು ಒಂದೊಂದಾಗಿ ಹೇಳಿಸುವುದು. ಇದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಮೊದಲ ವರ್ಷ ಹದಿನೇಳನೇ ನಂಬರಿನ ಬಸ್ಸು ನಾಲ್ಕನೇ ನಿಲ್ದಾಣದಲ್ಲೇ ಕೆಟ್ಟು ನಿಲ್ಲುತ್ತಿತ್ತು; ಈಗ ಕೊನೆಯ ನಿಲ್ದಾಣ ಮುಟ್ಟಿ ಅರ್ಧ ದಾರಿ ವಾಪಸ್ಸೂ ಬರುತ್ತಿತ್ತು. ಇಷ್ಟೆಲ್ಲ ಮುಗಿಸಿ ಅವಳು ಹಾಳೆ ತೆಗೆದು ನಾಲ್ಕು ಸರಿ ಗುರುತು ಹಾಕಿ ಐದನೆಯದಕ್ಕೆ ಗೀಟು ಎಳೆಯುವಳು. ಅವರು ಎಡಗೈಯಲ್ಲಿ ಸಹಿ ಹಾಕುವರು. ಜೇಡ ಮಸಿಯಲ್ಲಿ ಬಿದ್ದು ಎದ್ದು ಹೋದ ಹಾಗಿರುತ್ತಿತ್ತು ಆ ಸಹಿ.

ಸಂಘಕ್ಕೆ ಅವಳು ಸೇರಿದ್ದು ಬಸ್ಸಿನ ಹೊತ್ತಿನ ಸಿಟ್ಟಿಗೆ. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲಿನ ಕೋಣೆಯಲ್ಲಿ ಮಧ್ಯಾಹ್ನ ಮೂರಕ್ಕೆ ಸಭೆ, ಬೆಳಗಿನ ಮನೆ ಮುಗಿದು ಸಂಜೆಯ ಮನೆ ಶುರುವಾಗುವ ನಡುವೆ ಈ ಹೆಂಗಸರಿಗೆ ಸಿಗುವುದು ಅದೊಂದೇ ಬಿಡುವು. ಹನ್ನೊಂದು ಪ್ಲಾಸ್ಟಿಕ್ ಕುರ್ಚಿ, ಅರವತ್ತಮೂರು ಹೆಂಗಸರು. ಕಾರ್ಯದರ್ಶಿಯೂ ಹಿಂದೆ ಇದೇ ಕೆಲಸ ಮಾಡಿದವಳು. ತೂಕದ ಒಬ್ಬ ಯಜಮಾನರನ್ನು ಒಬ್ಬಳೇ ಎತ್ತಿ ಸೊಂಟ ಕಳೆದುಕೊಂಡು, ಈಗ ಅಂಗೈ ಅಗಲದ ಬೆಲ್ಟು ಬಿಗಿದುಕೊಂಡು ನಿಂತೇ ಮಾತಾಡುತ್ತಿದ್ದಳು. "ನೀವೇ ನಮ್ಮ ಸಂಸ್ಥೆಯ ಬೆನ್ನೆಲುಬು ಅಂತಾರಲ್ಲ ಮ್ಯಾನೇಜರ್," ಅನ್ನುವಳು. "ಅದಕ್ಕೇ ನಮ್ಮದು ಸವೆದದ್ದು. ಇಡೀ ಸಂಸ್ಥೆಗೆ ಒಂದೇ ಬೆನ್ನೆಲುಬು."

ಸಂಘ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಟ್ಟಿತು. ಕೇಳಿದ್ದು ದೊಡ್ಡದೇನಲ್ಲ: ನಾವು ಮಾಡುವುದು ಒಡನಾಟವಲ್ಲ, ಆರೈಕೆ, ಕಲಿತು ಮಾಡುವ ಕೆಲಸ, ಅದಕ್ಕೆ ತಕ್ಕ ಸಂಬಳ ಕೊಡಿಸಿ.

ವಿಚಾರಣೆಯ ದಿನ ಅಧಿಕಾರಿ ತಲೆಯ ಮೇಲೇರಿಸಿದ ಕನ್ನಡಕವನ್ನು ಮೇಜಿನ ಮೇಲೆ ಹುಡುಕುತ್ತಿದ್ದರು. ಮ್ಯಾನೇಜರ್ ಇಸ್ತ್ರಿಯ ಮಡಿಕೆಯಂಥ ನಗೆ ನಕ್ಕು ಒಂದು ಕಟ್ಟು ಹಾಳೆ ಮುಂದಿಟ್ಟ.

"ಸರ್, ನಾವೆಲ್ಲ ಒಂದೇ ಕುಟುಂಬ. ನಾನೇನೂ ಹೇಳಲ್ಲ. ಇದು ನಮ್ಮ ಅತ್ಯುತ್ತಮ ಕೆಲಸಗಾರ್ತಿಯ ಹಾಳೆ, ಹನ್ನೊಂದು ವರ್ಷದ್ದು. ಅವರೇ ತುಂಬಿದ್ದು, ರೋಗಿಗಳೇ ಸೈನ್ ಹಾಕಿದ್ದು. ಇತರೆ ಕೆಲಸ ಇದ್ರೆ ಬರೀರಿ ಅಂತ ನಾವು ಜಾಗ ಕೊಟ್ಟಿದೀವಿ. ಒಂದು ದಿನ ಬರೆದಿಲ್ಲ. ಗೀಟು ಎಳೆದಿದಾರೆ. ನೋಡಿ, ಎಷ್ಟು ನೇರ."

ಅಧಿಕಾರಿಗೆ ಕನ್ನಡಕ ಸಿಕ್ಕಿತು. ಒಂದು, ಹತ್ತು, ನೂರು ಹಾಳೆ ತಿರುವಿದರು. ಗೀಟು, ಗೀಟು, ಗೀಟು. "ಇದು ನಿಮ್ಮ ಕೈಯದೇನಮ್ಮ?" ಎಂದರು.

ಗೀಟಕ್ಕ ಗೀಟನ್ನು ನೋಡಿದಳು. "ಹೌದು ಸರ್."

"ಹಾಗಾದ್ರೆ ನಾನು ಯಾವುದನ್ನ ನಂಬಲಿ? ನಿಮ್ಮ ಮಾತನ್ನೋ, ನಿಮ್ಮ ಗೀಟನ್ನೋ?" ಮೂರು ವಾರ ಸಮಯ ಕೊಟ್ಟರು. ನಿಜಕ್ಕೂ ಬೇರೆ ಕೆಲಸ ಇದ್ದರೆ ಮೂರು ವಾರದ ಹಾಳೆಯಲ್ಲಿ ತುಂಬಿ ತನ್ನಿ, ಮನೆಯವರ ಸಹಿ ಹಾಕಿಸಿ ತನ್ನಿ. ಇಲ್ಲವಾದರೆ ಅರ್ಜಿ ಮುಕ್ತಾಯ.

ಇಸ್ತ್ರಿ ಅಂಗಡಿಯ ಮೇಲೆ ಅಂದು ಕಾವು ಕೆಳಗಿನಿಂದಷ್ಟೇ ಬರುತ್ತಿರಲಿಲ್ಲ. ಅರವತ್ತೆರಡು ಜೊತೆ ಕಣ್ಣು ಅವಳ ಮೇಲಿದ್ದವು. ಎಲ್ಲರೂ ಅವಳಿಂದ ಕಲಿತವರೇ, ಎಲ್ಲರ ಹಾಳೆಯಲ್ಲೂ ಗೀಟೇ.

"ಅಕ್ಕ, ನೀವೇ ಕಲಿಸಿದ್ದು," ಎಂದಳು ಒಬ್ಬ ಹುಡುಗಿ. ಬೈಗುಳವಲ್ಲ, ಬರೀ ವರದಿ.

"ಹೌದಮ್ಮ. ಅವರ ಮಾನ ಉಳಿಸೋಣ ಅಂತ."

"ಉಳೀತಲ್ಲ," ಎಂದಳು ಕಾರ್ಯದರ್ಶಿ ಗೋಡೆಗೆ ಒರಗಿ. "ಅವರ ಮಾನ ಉಳೀತು, ಏಜೆನ್ಸಿಗೆ ಹಣ ಉಳೀತು. ನಮಗೆ ಉಳಿದದ್ದು ಬೆಲ್ಟು. ನಾಳೆಯಿಂದ ಬರೀತೀಯೋ ಇಲ್ವೋ ಹೇಳು. ನೀನು ಬರೆದ್ರೆ ಇವರು ಬರೀತಾರೆ. ನೀನು ಗೀಟು ಎಳೆದ್ರೆ ನಾನು ಕುರ್ಚಿಗಳನ್ನ ವಾಪಸ್ ಕೊಟ್ಟು ಬರ್ತೀನಿ."

"ಬರೀತೀನಿ," ಎಂದಳು ಗೀಟಕ್ಕ. ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ಆ ಹಿಂದಿನ ಬಾಲ್ಕನಿ ನೆನಪಾಯಿತು.

ಮರುದಿನವೇ ಎಲ್ಲರ ಫೋನಿಗೂ ಏಜೆನ್ಸಿಯ ಸಂದೇಶ ಬಂತು. ‘ಇತರೆ’ ಚೌಕದಲ್ಲಿ ರೋಗಿಯ ಖಾಸಗಿ ವಿಷಯ ಬರೆದವರನ್ನು ಕೆಲಸದಿಂದ ತೆಗೆಯಲಾಗುವುದು. ಕೊನೆಯಲ್ಲಿ ಕೈಮುಗಿದ ಚಿತ್ರ. ಅದೇ ಸಂಜೆ ಮ್ಯಾನೇಜರ್ ಅವಳಿಗೊಬ್ಬಳಿಗೇ ಫೋನು ಮಾಡಿದ.

"ಅಕ್ಕ, ತರಬೇತಿ ಕೊಡೋ ಹುದ್ದೆ ಖಾಲಿ ಇದೆ. ಕೂತು ಮಾಡೋ ಕೆಲಸ. ನಿಮ್ಮಂಥವರು ಬೇಕು."

"ಕೂತು ಏನು ಕಲಿಸ್ಬೇಕು ಸರ್?"

"ಅದೇ, ಹಾಳೆ ತುಂಬೋದು."

"ಅದು ಗೋಡೆ ಮೇಲೇ ಇದೆಯಲ್ಲ ಸರ್. ಗೋಡೆಗೇ ಕೊಡಿ ಹುದ್ದೆ," ಎಂದು ಫೋನು ಇಟ್ಟಳು. ಗಂಡ ಕೇಳಿಸಿಕೊಂಡ. ಎಣ್ಣೆಯ ಶೀಶೆ ತಂದು ಪಕ್ಕದಲ್ಲಿಟ್ಟ.

ಸೋಮವಾರ ಅವಳು ಬರೆದಳು. ಚೌಕದಲ್ಲಿ ಜಾಗ ಸಾಲದೆ ಅಂಚಿಗೆ ಹರಿದು, ಹಾಳೆಯ ಹಿಂದಕ್ಕೂ ಹೊರಳಿತು. ಮಗ್ಗುಲು ಬದಲಿಸಿದ್ದು ಮೂರು ಸಲ. ಹಿಮ್ಮಡಿಯ ಕೆಳಗೆ ದಿಂಬು. ಬೆರಳಿನ ವ್ಯಾಯಾಮ ನೂರು. ಹದಿನೇಳನೇ ನಂಬರು ಹೋಗಿ ಬಂದದ್ದು. ಉಗುರು ಕತ್ತರಿಸಿದ್ದು. ನುಂಗುವಾಗ ಕೆಮ್ಮು ಬಂದು ಬೆನ್ನು ತಟ್ಟಿದ್ದು. ಹದಿಮೂರು ಸಾಲು. ಬೆಳಗಿನ ಹಾಸಿಗೆಯ ಸುದ್ದಿಯೊಂದನ್ನು ಬಿಟ್ಟಳು.

ಸಹಿಗೆ ಹಾಳೆ ಹಿಡಿದಳು. ಇನ್ಸ್‌ಪೆಕ್ಟರ್ ಸಾಹೇಬರು ಓದಿದರು. ಬೆರಳಿಟ್ಟು, ಸಾಲು ಸಾಲಾಗಿ, ಹಿಂದೆ ಜನ ತುಂಬಿದ ಬಸ್ಸಿನಲ್ಲಿ ಟಿಕೆಟ್ ಓದುತ್ತಿದ್ದ ಹಾಗೆ. ಓದಿ ಪೆನ್ನನ್ನು ಹೊದಿಕೆಯ ಮೇಲೆ ಹಾಕಿದರು.

"ಏನಾಯ್ತು ಸಾಹೇಬ್ರೆ?"

"ಒಬ್ಬನಿಗೆ… ಟಿಕೆಟ್… ಹರಿದಿಲ್ಲ."

"ಯಾರಿಗೆ?"

ಅವರು ಎಡಗೈಯಿಂದ ಹಾಸಿಗೆಯನ್ನು ತಟ್ಟಿದರು.

"ಅದು ಬೇಡ ಬಿಡಿ. ಹದಿಮೂರಿದೆ, ಸಾಕು."

"ದೊಡ್ಡ ಕೆಲಸ… ಅದೇ."

"ಶನಿವಾರ ನಿಮ್ಮ ಮಗಳು ಓದಿ ಸೈನ್ ಹಾಕ್ಬೇಕು. ನಿಮಗೇ ಗೊತ್ತಲ್ಲ, ಆಮೇಲೆ ಏನಾಗುತ್ತೆ ಅಂತ."

"ಗೊತ್ತು," ಎಂದರು. ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡರು. ಮಧ್ಯಾಹ್ನದ ಸೂಪಿಗೆ ಬಾಯಿ ತೆರೆಯಲಿಲ್ಲ. ಚಮಚ ಹಿಡಿದು ಅವಳು ಮೊದಲು ರಮಿಸಿದಳು, ಆಮೇಲೆ ಬೈದಳು.

"ನನ್ನ ಹೋರಾಟಕ್ಕೆ ನಿಮ್ಮನ್ನ ಮನೆ ಬಿಡಿಸೋಕೆ ನನಗಿಷ್ಟ ಇಲ್ಲ. ಸುಮ್ನೆ ಉಣ್ಣಿ."

ಅವರು ಒಂದು ಕಣ್ಣು ತೆರೆದರು. ಆ ದಿನದ ಅತಿ ಉದ್ದದ ಮಾತು ಬಂತು. ಹದಿನೇಳನೇ ನಂಬರು ಹತ್ತಿದಷ್ಟು ಹೊತ್ತು ಹಿಡಿಯಿತು. "ಇಪ್ಪತ್ತೊಂಬತ್ತು ವರ್ಷ… ಸುಳ್ಳು ರಿಪೋರ್ಟಿಗೆ… ಸೈನ್ ಹಾಕಿಲ್ಲ. ಮೂರು ವರ್ಷದಿಂದ… ದಿನಾ ಹಾಕ್ತಿದೀನಿ. ನಿನ್ನ ಬೆನ್ನ ಮೇಲೆ… ನಾನು… ಟಿಕೆಟ್ ಇಲ್ದೆ… ಕೂತಿದೀನಿ."

ಗೀಟಕ್ಕ ಚಮಚವನ್ನು ಬಟ್ಟಲಲ್ಲಿಟ್ಟಳು. ತನಗಷ್ಟೇ ಮಾನ ಉಳಿಸುವ ಹಕ್ಕಿದೆ ಎಂದು ಅವಳು ಹನ್ನೊಂದು ವರ್ಷ ತಿಳಿದಿದ್ದಳು. ಯಾರ ಮಾನವೋ ಅವರನ್ನು ಒಂದು ಮಾತು ಕೇಳಿರಲಿಲ್ಲ. ಹಾಳೆ ಎಳೆದುಕೊಂಡು ಮೊದಲ ಸಾಲಿನ ಮೇಲಿದ್ದ ಇಕ್ಕಟ್ಟಿನಲ್ಲಿ ಬರೆದಳು: ‘ರಾತ್ರಿ ಒದ್ದೆಯಾದ ಹಾಸಿಗೆ ಬದಲಿಸಿ, ಮೈ ಒರೆಸಿ, ಹಾಸು ಒಗೆದು ಒಣಗಿಸಿದ್ದು. ಪ್ರತಿದಿನ. ಮೂರು ವರ್ಷದಿಂದ.’ ಅವರು ಓದಿ, ಪೆನ್ನು ಬೇಡಿ, ಜೇಡವನ್ನು ಮಸಿಗೆ ಬಿಟ್ಟರು. ಆಮೇಲೆ ಎರಡು ಬಟ್ಟಲು ಸೂಪು ಕುಡಿದರು.

ಶನಿವಾರ ಮಗಳಿಗೆ ಅರ್ಧ ದಿನ. ಒಂದೂವರೆಗೆ ಬಂದು ಕೈಚೀಲ ಇಡುವುದರೊಳಗೆ ಗೀಟಕ್ಕ ಆರು ಹಾಳೆ ಕೈಗೆ ಕೊಟ್ಟಳು. ಕೊಟ್ಟು ಗೋಡೆಗೆ ಒತ್ತಿ ನಿಂತಳು. ಹಾಸಿಗೆಯಲ್ಲಿ ಅಪ್ಪ ಇಂದು ಕಣ್ಣು ತಿರುಗಿಸಲಿಲ್ಲ. ನೆಟ್ಟಗೆ ಮಗಳನ್ನೇ ನೋಡುತ್ತಿದ್ದರು. "ನಾನೇ… ಬರಿ ಅಂದೆ."

ಮಗಳು ಮೊದಲ ಹಾಳೆ ಓದಿದಳು. ಎರಡನೆಯದನ್ನು ಓದಿದಳು. ಕುರ್ಚಿ ಎಳೆದು ಕೂತಳು.

"ನನಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ ಇಬ್ಬರೂ?"

ಗೀಟಕ್ಕ ಹಿಂದಿನ ಬಾಲ್ಕನಿಯ ಕಡೆ ನೋಡಿದಳು.

"ಸೋಪಿನ ಪುಡಿ ಯಾತಕ್ಕೆ ತಂದಿಡ್ತಿದ್ದೆ ಅಂದ್ಕೊಂಡ್ರಿ? ಇರೋ ಇಬ್ಬರು ಹೊತ್ತಿಗೆ ನಾಲ್ಕು ಸಲ ಬಟ್ಟೆ ಬದಲಿಸ್ತೀವಾ?" ಅವಳು ಅಪ್ಪನ ಕಡೆ ನೋಡದೆ ಹೇಳಿದಳು, "ಅಪ್ಪನಿಗೆ ನಾಚಿಕೆ ಆಗಬಾರದು ಅಂತ ನಾನು ಬಾಗಿಲಲ್ಲೇ ನಿಂತು ಹೊರಡ್ತಿದ್ದೆ. ಏಜೆನ್ಸಿಗೆ ಸೇರಿಸಿದ ದಿನವೇ ಅಲ್ಲಿಯವರು ಬಂದು ಹಾಸಿಗೆ ಒದ್ದೆ ಆಗುತ್ತಾ ಅಂತ ಕೇಳಿದ್ರು. ಅಡುಗೆಮನೆಗೆ ಕರ್ಕೊಂಡು ಹೋಗಿ, ಪಿಸುಮಾತಲ್ಲಿ ಹೇಳಿದೀನಿ. ಅದಕ್ಕೇ ಅಂತ ಪ್ರತಿ ತಿಂಗಳು ಜಾಸ್ತಿ ದುಡ್ಡು ತಗೋತಾರೆ."

"ಯಾರು?" ಎಂದಳು ಗೀಟಕ್ಕ.

"ಏಜೆನ್ಸಿ. ನಿಮಗೆ ಕೊಡ್ತಾರಲ್ಲ?"

ಮಗಳು ಎದ್ದು ಮೇಜಿನ ಡ್ರಾಯರಿನಿಂದ ಬಿಲ್ಲು ತಂದಳು. ‘ವಿಶೇಷ ಆರೈಕೆ, ದರ್ಜೆ ಮೂರು. ಹಾಸಿಗೆ ಒದ್ದೆಯಾಗುವ ರೋಗಿ. ತರಬೇತಿ ಪಡೆದ ಸಿಬ್ಬಂದಿ. ಮಗ್ಗುಲು ಬದಲಿಸುವಿಕೆ. ಪ್ರತ್ಯೇಕ ಬಟ್ಟೆ ಒಗೆತ.’ ಗೀಟಕ್ಕ ಚೀಲದಿಂದ ತನ್ನ ಸಂಬಳದ ಚೀಟಿ ತೆಗೆದು ಅದರ ಪಕ್ಕದಲ್ಲಿಟ್ಟಳು. ‘ಒಡನಾಟ, ದರ್ಜೆ ಒಂದು.’ ಒಂದೇ ತಿಂಗಳು, ಒಂದೇ ಮನೆ, ಒಂದೇ ಮುದ್ರೆ.

ಮೂರು ವರ್ಷ ಇಬ್ಬರು ಒಬ್ಬಳಿಂದ, ಆ ಒಬ್ಬಳು ಇಬ್ಬರಿಂದ ಮುಚ್ಚಿಟ್ಟ ಗುಟ್ಟನ್ನು ಏಜೆನ್ಸಿ ತಿಂಗಳು ತಿಂಗಳು ಅಚ್ಚು ಹಾಕಿಸಿ, ದರ ಬರೆದು, ಅಂಚೆಯಲ್ಲಿ ಕಳಿಸುತ್ತಿತ್ತು. ಗೀಟಕ್ಕನಿಗೆ ಮೊದಲು ಬಂದದ್ದು ನಗು. ಆಮೇಲೆ ಬಂದದ್ದು ನಗುವಲ್ಲ.

ಇನ್ಸ್‌ಪೆಕ್ಟರ್ ಸಾಹೇಬರು ಎರಡು ಕಾಗದವನ್ನೂ ಎಡಗೈಗೆ ಕೇಳಿ ಪಡೆದು ನೋಡಿದರು. ಅವರ ಅರ್ಧ ಮುಖದಲ್ಲಿ ಹಳೆಯ ಕಸುಬಿನ ಹುರುಪು ಹತ್ತಿಕೊಂಡಿತು. "ಪೂರ್ತಿ ಚಾರ್ಜು ತಗೊಂಡು… ಅರ್ಧ ಟಿಕೆಟ್ ಹರಿಯೋದು," ಎಂದರು. "ಕಂಡಕ್ಟರ್ ಕಳ್ಳತನ. ನೂರಾರು… ಹಿಡಿದಿದೀನಿ."

"ಹಿಡಿದ ಮೇಲೆ ಏನು ಮಾಡ್ತಿದ್ರಿ?"

"ಬಸ್ಸು… ನಿಲ್ಲಿಸ್ತಿದ್ದೆ."

ಮಗಳು ಆರೂ ಹಾಳೆಗೆ ಸಹಿ ಹಾಕಿ, ಬಿಲ್ಲುಗಳ ಕಟ್ಟನ್ನೇ ಗೀಟಕ್ಕನ ಕೈಗಿಟ್ಟಳು. ಮ್ಯಾನೇಜರ್ ಆಗಲೇ ಅವಳಿಗೂ ಫೋನು ಮಾಡಿ, ಇವರ ಸಂಬಳ ಏರಿದರೆ ನಿಮ್ಮ ದರ ಏರುತ್ತದೆ ಎಂದು ಹೆದರಿಸಿದ್ದ. "ಏರಿಸೋಕೆ ಇನ್ನೇನು ಬಾಕಿ ಇಟ್ಟಿದಾನೆ," ಎಂದಳು. ಆಮೇಲೆ ಅಪ್ಪನ ಹಾಸಿಗೆಯ ಅಂಚಿಗೆ ಹೋಗಿ, ಬಾಗಿಲಲ್ಲಿ ಅಲ್ಲ, ಅಂಚಿನಲ್ಲೇ ಕೂತಳು. ಗೀಟಕ್ಕ ಅಡುಗೆಮನೆಗೆ ಹೋಗಿ ತೊಳೆದ ಬಟ್ಟಲನ್ನೇ ಇನ್ನೊಮ್ಮೆ ತೊಳೆದಳು.

ಸುದ್ದಿ ಇಸ್ತ್ರಿ ಅಂಗಡಿಯ ಮೇಲೆ ಮುಟ್ಟಿದಾಗ ಕಾರ್ಯದರ್ಶಿ ಮೊದಲ ಸಲ ಕುರ್ಚಿಯಲ್ಲಿ ಕೂತಳು. "ಎಲ್ಲರೂ ನಿಮ್ಮ ನಿಮ್ಮ ಮನೆಯ ಬಿಲ್ಲು ಕೇಳಿ," ಎಂದಳು. "ಬೇಡಬೇಡಿ, ಕೇಳಿ." ಎರಡು ವಾರದಲ್ಲಿ ಹತ್ತೊಂಬತ್ತು ಮನೆಯವರು ಕೊಟ್ಟರು. ಗೀಟಕ್ಕ ಒಂದೊಂದು ಬಿಲ್ಲಿನ ಮೇಲೂ, ಒಂದೊಂದು ಹಾಳೆಯ ಮೇಲೂ ರೋಗಿಯ ಹೆಸರಿಗೆ ಬಿಳಿ ಕಾಗದದ ಪಟ್ಟಿ ಅಂಟಿಸಿದಳು, ನೇರವಾಗಿ, ಥರ್ಮಾಮೀಟರಿನ ಡಬ್ಬಿಯ ಅಂಚು ಹಿಡಿದು.

ಎರಡನೇ ವಿಚಾರಣೆಯಲ್ಲಿ ಮ್ಯಾನೇಜರ್ ನಗಲಿಲ್ಲ. "ಸರ್, ಇವರು ರೋಗಿಗಳ ಖಾಸಗಿ ವಿಷಯವನ್ನ ಬೀದಿಗೆ ತಂದಿದಾರೆ."

"ನಾವು ಬೀದಿಗೆ ತಂದಿಲ್ಲ ಸರ್," ಎಂದಳು ಗೀಟಕ್ಕ. ಈ ಸಲ ಅವಳು ಮ್ಯಾನೇಜರ್ ಕಡೆಗೇ ತಿರುಗಿದ್ದಳು. "ಬಿಲ್ಲಿಗೆ ತಂದವರು ನೀವು. ನನ್ನ ಗೀಟನ್ನ ನನಗೆ ತೋರಿಸಿದ್ರಿ. ಈಗ ನಿಮ್ಮ ಬಿಲ್ಲನ್ನ ನೀವು ನೋಡಿ. ಒಡನಾಟ ಅಂದ್ರೆ ಇದೇನಾ? ಹಾಗಾದ್ರೆ ಮನೆಯವರ ದುಡ್ಡು ವಾಪಸ್ ಕೊಡಿ. ಆರೈಕೆ ಅಂದ್ರೆ ಇದೇನಾ? ಹಾಗಾದ್ರೆ ನಮ್ಮ ದುಡ್ಡು ಕೊಡಿ. ಎರಡರಲ್ಲಿ ಒಂದು ಹೇಳಿ, ನಾವು ಕಾಯ್ತೀವಿ. ಮೂರಕ್ಕೆ ಬಂದಿದೀವಿ, ಐದರವರೆಗೆ ಬಿಡುವಿದೆ."

ಅಧಿಕಾರಿ ಕನ್ನಡಕವನ್ನು ಈ ಸಲ ಕೈಯಲ್ಲೇ ಹಿಡಿದಿದ್ದರು. ಹತ್ತೊಂಬತ್ತು ಬಿಲ್ಲು, ಅರವತ್ತಮೂರು ಕಟ್ಟು ಹಾಳೆ. ಬರೆದದ್ದು ಎರಡು ಸಾಲಿನ ಆದೇಶ: ಏಜೆನ್ಸಿ ದರ್ಜೆ ಮೂರರ ಹಣ ವಸೂಲಿ ಮಾಡಿದ ಮನೆಗಳಲ್ಲೆಲ್ಲ ಮಾಡಿದ್ದು ಆರೈಕೆಯೇ, ಸಂಬಳ ಅದಕ್ಕೆ ತಕ್ಕಂತೆ, ಹತ್ತು ದಿನದೊಳಗೆ ಸಂಘದೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು.

ಒಪ್ಪಂದಕ್ಕೆ ಕರೆದದ್ದು ಏಜೆನ್ಸಿಯ ತರಬೇತಿ ಕೋಣೆಗೆ. ಕಾರ್ಯದರ್ಶಿ, ಗೀಟಕ್ಕ, ಬಾಗಿಲಾಚೆ ಮೆಟ್ಟಿಲ ಮೇಲೆ ಉಳಿದವರೆಲ್ಲ. ಗೋಡೆಯ ಮೇಲೆ ಗಾಜಿನೊಳಗೆ ಅವಳ ಹಾಳೆ ಇನ್ನೂ ತೂಗುತ್ತಿತ್ತು. ಮ್ಯಾನೇಜರ್ ಅಚ್ಚು ಮಾಡಿಸಿದ ಕರಾರು ಮುಂದಿಟ್ಟ. ಸಂಬಳದ ದರ್ಜೆ ಸರಿಯಾಗಿತ್ತು. ಕಾರ್ಯದರ್ಶಿ ಎರಡು ಸಲ ಓದಿದಳು. ಕೊನೆಯಲ್ಲಿ ಒಂದು ಚೌಕ: ‘ಇತರೆ ಬೇಡಿಕೆಗಳು.’

"ಅದೇನಿಲ್ಲ, ಫಾರಂ ಹಾಗಿರುತ್ತೆ," ಎಂದ ಮ್ಯಾನೇಜರ್. "ಒಂದು ಗೀಟು ಎಳೆದು ಸೈನ್ ಹಾಕಿಬಿಡಿ ಅಕ್ಕ. ನಿಮಗಿಂತ ಚೆನ್ನಾಗಿ ಯಾರು ಎಳೀತಾರೆ."

ಗೀಟಕ್ಕ ಪೆನ್ನು ತೆಗೆದುಕೊಂಡಳು. ಮೇಜಿನ ಒಂದು ಕಾಲು ಕುಂಟು, ಬರೆಯಲು ಹೋದರೆ ಹಾಳೆಯೆಲ್ಲ ಅಲುಗುತ್ತಿತ್ತು. ಅವಳು ಎದ್ದು, ಗೋಡೆಯ ಮೇಲಿನ ಕಟ್ಟನ್ನು ಮೊಳೆಯಿಂದ ಇಳಿಸಿ, ಸೆರಗಿನಿಂದ ಧೂಳು ಒರೆಸಿ, ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಗಾಜಿನ ಮೇಲೆ ಕರಾರನ್ನು ಇಟ್ಟಳು. ಗಟ್ಟಿಯಾಗಿ ಕೂತಿತು.

ಬರೆಯತೊಡಗಿದಳು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಬಸ್ಸಿನ ಹೊತ್ತು, ಕೆಲಸದ ಹೊತ್ತು. ತೂಕದವರನ್ನು ಎತ್ತಲು ಇಬ್ಬರು. ಎತ್ತಿ ಕೆಟ್ಟ ಸೊಂಟಕ್ಕೆ ಔಷಧಿಯ ಖರ್ಚು, ಮೊದಲನೆಯದು ಇಲ್ಲಿ ನಿಂತಿರುವ ಈ ಬೆಲ್ಟಿನದ್ದು. ಹಿಂದಿನ ಮೂರು ವರ್ಷದ ವ್ಯತ್ಯಾಸ. ಹೊಸಬರಿಗೆ ಹಾಳೆ ತುಂಬುವುದನ್ನು ಕಲಿಸುವುದು ಸಂಘ, ಏಜೆನ್ಸಿಯಲ್ಲ.

ಚೌಕ ತುಂಬಿತು. ಅಂಚು ತುಂಬಿತು. ಅವಳು ಹಾಳೆ ಹೊರಳಿಸಿದಳು. ಹಿಂಬದಿಯಲ್ಲಿ ಏಜೆನ್ಸಿಯ ಮುದ್ರೆ ಅರ್ಧ ಪುಟ ನುಂಗಿತ್ತು.

"ಜಾಗ ಸಾಲ್ತಿಲ್ಲ ಸರ್," ಎಂದಳು ತಲೆ ಎತ್ತದೆ. "ಇನ್ನೊಂದು ಹಾಳೆ ಕೊಡಿ."